ವನ್ಯಮೃಗದ ಛಾಯಾಚಿತ್ರ: ದರ್ಶನವೋ, ಬೇಟೆಯೋ?

ಹುಲಿಗಿಯ ಹೆಸರಿನಲ್ಲಿ ಹುಲಿಯುಂಟು. ಹುಲಿಗಿಯ ಸುತ್ತಣ ಅಡವಿಯಲ್ಲಿ ಇಂದು ಹುಲಿಯಿಲ್ಲ. ಪ್ರಾಣಿಯು ಅಳಿದು ಹೆಸರು ಉಳಿಯುವದು ಈ ನಾಡಿಗೆ ಹೊಸ ಸಂಗತಿಯೇನೂ ಅಲ್ಲ. ಆದರೆ ಹುಲಿಗೆಮ್ಮನ ಗುಡಿಯ ಪಕ್ಕದಲ್ಲಿಯೇ ಹರಿಯುವ ತುಂಗಭದ್ರೆಯಲ್ಲಿ ನೀರುನಾಯಿಗಳು ಇನ್ನೂ ಇವೆ. ಮುನಿರಾಬಾದಿನ ಹತ್ತಿರದ ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯ ವರೆಗಿನ 34 ಕಿಲೋಮೀಟರಿನಷ್ಟು ಹೊಳೆಯನ್ನು 2015ರಲ್ಲಿ ಸರಕಾರವು ಈ ನೀರುನಾಯಿಗಳ ಸಂರಕ್ಷಣೆಗೆಂದು ಮೀಸಲಿಟ್ಟಿತು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೊಂದು ಧಾಮವಾಗಿದೆ. ಹೊಳೆಯಾಚೆ, ಹಂಪಿಯಿಂದ ಸ್ವಲ್ಪವೇ ದೂರದಲ್ಲಿ, 1994ರಲ್ಲಿ ಏರ್ಪಟ್ಟ ದರೋಜಿಯ ಕರಡಿಧಾಮವಿದೆ. ಯಾವ ಕಲ್ಲುಗುಡ್ಡ ಬಯಲುಗಳನ್ನು ಜನರು ಬಹುಕಾಲ ಬರಡೆಂದು ಹಳಿದರೋ ಅವುಗಳೇ ಈಗ ಛಾಯಾಗ್ರಾಹಕರ ತೀರ್ಥಕ್ಷೇತ್ರಗಳಾಗಿವೆ. ವಾರ ಕಳೆಯುವದರೊಳಗಾಗಿ ಒಂದಲ್ಲ ಒಂದು ಕರಡಿಯ, ತೋಳದ, ನೀರುನಾಯಿಯ ಚಿತ್ರವು ಮನೆಮನೆಯ ಮೊಬೈಲಿಗೆ ಬಂದು ಸೇರುತ್ತದೆ. ವರ್ಷಕ್ಕೊಮ್ಮೆ ಕ್ಯಾಲೆಂಡರಿನ ರೂಪದಲ್ಲಿ ಗೋಡೆಯನ್ನೇರುತ್ತದೆ. ಅದನ್ನು ಕಂಡು ಸಂತೋಷಪಡದವರು ವಿರಳ. ಈ ಸಂತೋಷವು ಯಾವ ಬೆಲೆಗೆ ದೊರೆಯುತ್ತಿದೆ, ಆ ಬೆಲೆಯನ್ನು ತೆರುವವರಾರು ಎಂಬ ವಿಚಾರವನ್ನು ಮಾತ್ರ ಕೆಲವರೂ ಮಾಡಿದಂತೆ ಕಾಣುವದಿಲ್ಲ.

ಇಂಥ ಚಿತ್ರದ ಕೆಳಗೆ ಸಾಮಾನ್ಯವಾಗಿ ಬರೆದಿರುವದು ಇಷ್ಟೇ: ‘ಸ್ವಾಭಾವಿಕ ನೆಲೆಯಲ್ಲಿ ವನ್ಯಮೃಗ.’ ಮೂರು ಪದಗಳ ಈ ಒಕ್ಕಣೆಯಲ್ಲಿ ಎರಡು ಪ್ರಮಾಣವಚನಗಳು ಅಡಗಿವೆ. ಮೃಗವು ತನ್ನ ಇಚ್ಛೆಯಿಂದ ಬಂದಿತ್ತು, ತನ್ನ ಇಚ್ಛೆಯಿಂದಲೇ ಹೋಯಿತು ಎಂಬದು ಮೊದಲನೆಯದು. ಆ ನೆಲವು ಮೃಗಕ್ಕೆ ಹೇಗೆ ದೊರೆತಿತ್ತೋ ಹಾಗೆಯೇ ಚಿತ್ರದಲ್ಲಿ ಬಂದಿದೆ ಎಂಬದು ಎರಡನೆಯದು. ಇವೆರಡರಲ್ಲಿ ಒಂದು ಸುಳ್ಳಾದರೂ ಚಿತ್ರವು ಎಷ್ಟೇ ರಮ್ಯವಾಗಿರಲಿ, ಅದು ಸುಳ್ಳುಸಾಕ್ಷಿಯೇ ಸರಿ. ಚಿತ್ರಕಾರನು ಬಣ್ಣದಿಂದ ಬರೆದ ಕರಡಿಯನ್ನು ಕುರಿತು ‘ಇದು ನಿಜವೆ?’ ಎಂದು ಯಾರೂ ಕೇಳುವದಿಲ್ಲ. ಅದು ಅವನ ಕಲ್ಪನೆಯೆಂದು ಎಲ್ಲರೂ ಬಲ್ಲರು. ಛಾಯಾಚಿತ್ರದ ಮಾತು ಹಾಗಲ್ಲ. ‘ಇದು ನಡೆಯಿತು’ ಎಂದು ಅದು ಹೇಳುತ್ತದೆ, ಜನರು ನಂಬುತ್ತಾರೆ.

ಈ ನಂಬಿಕೆಯನ್ನು ಛಾಯಾಚಿತ್ರವು ಸುಮ್ಮನೆ ಪಡೆಯಲಿಲ್ಲ, ದುಡಿದು ಗಳಿಸಿತು. ಗಳಿಸಿಕೊಟ್ಟ ಪ್ರಾಣಿಯೂ ಕುದುರೆಯೇ ಎಂಬದು ಸ್ವಾರಸ್ಯದ ಸಂಗತಿ. ನಾಗಾಲೋಟದಲ್ಲಿ ಓಡುವ ಕುದುರೆಯ ನಾಲ್ಕು ಕಾಲುಗಳೂ ಒಮ್ಮೆಗೇ ನೆಲವನ್ನು ಬಿಡುವವೋ ಇಲ್ಲವೋ ಎಂಬ ವಿವಾದವಿತ್ತು. 1878ರಲ್ಲಿ ಮೈಬ್ರಿಜ್ ಎಂಬಾತನು ಅಮೇರಿಕದ ಕ್ಯಾಲಿಫೋರ್ನಿಯದಲ್ಲಿ ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಓಡುವ ಕುದುರೆಯ ಒಂದೊಂದು ಹೆಜ್ಜೆಯನ್ನೂ ಚಿತ್ರಿಸಿ ವಿವಾದವನ್ನು ಬಗೆಹರಿಸಿದನು. ಕಾಲುಗಳು ನೆಲ ಬಿಡುವದು ನಿಜ. ಆದರೆ ಚಿತ್ರಕಾರರು ತಲೆತಲಾಂತರದಿಂದ ಬರೆದಂತೆ ಮುಂದಕ್ಕೂ ಹಿಂದಕ್ಕೂ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಕೂಡಿಕೊಂಡಾಗ. ಮನುಷ್ಯನ ಕಣ್ಣಿನ ತಪ್ಪನ್ನು ಕ್ಯಾಮೆರಾ ತಿದ್ದಿತು. ಅಂದಿನಿಂದ ಅದು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲುವ ಅಧಿಕಾರವನ್ನು ಪಡೆಯಿತು. ಹೀಗೆ ಗಳಿಸಿದ ಮಾನವನ್ನು ಮಾರಿ ತಿನ್ನುವದೇ ಇಂದಿನ ಅನೇಕ ‘ವನ್ಯ’ಚಿತ್ರಗಳ ವ್ಯಾಪಾರವಾಗಿದೆ.

ಕುದುರೆಯ ಮಾತನ್ನೇ ಮುಂದುವರಿಸಬಹುದು. ಕರ್ನಾಟಕದಲ್ಲಿ ಕಾಡುಕುದುರೆಗಳಿಲ್ಲ, ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಸಾಲುಗಟ್ಟಿ ನಿಂತ ಕುದುರೆಗಳೆಲ್ಲ ಅರಸರ ಲಾಯದವು. ಆದರೆ ಸ್ವಾತಂತ್ರ್ಯದ ಚಿತ್ರವೆಂದು ಜಗತ್ತು ಮೆಚ್ಚುವದು ಕಾಡುಕುದುರೆಯ ಚಿತ್ರವನ್ನೇ. ಬಿಳಿಯ ಕುದುರೆಗಳ ಹಿಂಡು ನೀರನ್ನು ಚಿಮ್ಮಿಸುತ್ತ ನೋಡುವವನ ಎದೆಯ ಮೇಲೆಯೇ ಬಂದಂತೆ ಧಾವಿಸುವ ಚಿತ್ರವನ್ನು ಯಾರು ಕಂಡಿಲ್ಲ? ಅದು ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ರೋನ್ ನದಿಯ ಮುಖಜಭೂಮಿಯಾದ ಕಮಾರ್ಗ್ ಎಂಬಲ್ಲಿಯದು. ಆ ಕುದುರೆಗಳು ಬಯಲಿನಲ್ಲಿ ಮೇಯುವದು ನಿಜ. ಆದರೆ ಅವುಗಳಿಗೆ ಒಡೆಯರುಂಟು, ಮೈಮೇಲೆ ಒಡೆಯನ ಬರೆಯುಂಟು. ಅನೇಕ ವೇಳೆ ಆ ಓಟವೂ ಅವುಗಳದಲ್ಲ. ಛಾಯಾಗ್ರಾಹಕರು ಹಣ ತೆತ್ತು ಗೊತ್ತಾದ ಜಾಗದಲ್ಲಿ ನಿಲ್ಲುತ್ತಾರೆ. ಸವಾರರು ಹಿಂಡನ್ನು ಅಟ್ಟಿಕೊಂಡು ಅವರೆದುರಿಗೆ ತರುತ್ತಾರೆ. ಬೆಳಕು ಸರಿಬರಲಿಲ್ಲವೆಂದರೆ ಮತ್ತೊಮ್ಮೆ ಅಟ್ಟುತ್ತಾರೆ. ಚಿತ್ರದಲ್ಲಿ ಸವಾರನಿಲ್ಲ. ಅಟ್ಟಿಸಿಕೊಂಡು ಓಡುವ ಪ್ರಾಣಿಯ ಮುಖಕ್ಕೆ ಸ್ವಾತಂತ್ರ್ಯವೆಂದು ಹೆಸರಿಡುವದಕ್ಕಿಂತ ದೊಡ್ಡ ವಿಪರ್ಯಾಸವುಂಟೆ? ನಿಜವಾದ ಕಾಡುಕುದುರೆಯೆಂದು ಹೆಸರಾದ ಮೊಂಗೋಲಿಯದ ತಾಖಿಯು 1960ರ ದಶಕದ ಕೊನೆಗೆ ತನ್ನ ಬಯಲಿನಿಂದ ಕಣ್ಮರೆಯಾಗಿ, ಮೃಗಾಲಯಗಳಲ್ಲಿ ಉಳಿದ ಸಂತತಿಯಿಂದ 1992ರಿಂದೀಚೆಗೆ ಮರಳಿ ನೆಲೆಗೊಂಡಿದೆ. ಅದು ದೂರದಲ್ಲಿ ಹುಲ್ಲು ಮೇಯುತ್ತ ನಿಂತ ಚಿತ್ರಕ್ಕೆ ಬಹುಮಾನ ದೊರೆಯುವದು ಅಪರೂಪ. ಜನರಿಗೆ ಬೇಕಾದದ್ದು ಓಟ. ಆದುದರಿಂದ ಓಡಿಸುವವರು ಹುಟ್ಟಿಕೊಂಡಿದ್ದಾರೆ.

ಈ ಪಿಡುಗು ಅತಿ ದೊಡ್ಡ ಮನ್ನಣೆಯ ಸ್ಥಾನಗಳನ್ನೂ ಬಿಟ್ಟಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಜಿಯಮ್ಮಿನವರು ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2009ರ ಅಗ್ರ ಬಹುಮಾನವು ಬೇಲಿಯ ಬಾಗಿಲನ್ನು ಹಾರುವ ಒಂದು ತೋಳದ ಚಿತ್ರಕ್ಕೆ ದೊರೆಯಿತು. ಅದು ಸಾಕಿ ಪಳಗಿಸಿದ ತೋಳವಾಗಿರುವ ಸಂಭವವೇ ಹೆಚ್ಚೆಂದು ತೀರ್ಮಾನಿಸಿ, 2010ರ ಜನೇವರಿಯಲ್ಲಿ ಆ ಬಹುಮಾನವನ್ನು ಹಿಂದಕ್ಕೆ ತೆಗೆದುಕೊಂಡರು. ಅದೇ ಸ್ಪರ್ಧೆಯಲ್ಲಿ 2017ರಲ್ಲಿ ‘ತಮ್ಮ ಪರಿಸರದಲ್ಲಿ ಪ್ರಾಣಿಗಳು’ ಎಂಬ ವಿಭಾಗದ ಬಹುಮಾನವು ಬ್ರೆಜಿಲ್ ದೇಶದ ಇರುವೆಭಕ್ಷಕವೊಂದರ ಚಿತ್ರಕ್ಕೆ ಸಂದಿತು. ಚಿತ್ರದಲ್ಲಿದ್ದದ್ದು ಹೊಟ್ಟು ತುಂಬಿದ ಸತ್ತ ಪ್ರಾಣಿಯೆಂದು ನಿರ್ಣಯಿಸಿ 2018ರಲ್ಲಿ ಅದನ್ನೂ ರದ್ದುಪಡಿಸಿದರು. ಚಿತ್ರಗಳನ್ನು ತೆಗೆದವರಿಬ್ಬರೂ ಆರೋಪವನ್ನು ಒಪ್ಪಲಿಲ್ಲ. ಅದಂತಿರಲಿ. ಇಲ್ಲಿ ಗಮನಿಸತಕ್ಕ ವಿಷಯವೆಂದರೆ, ಅಲ್ಲಿ ಕೇಳುವವರಾದರೂ ಇದ್ದರು. ಕೇಳಿ, ಕೊಟ್ಟದ್ದನ್ನು ಕಸಿದುಕೊಳ್ಳುವ ಧೈರ್ಯವೂ ಇತ್ತು. ಈ ನಾಡಿನ ಸ್ಪರ್ಧೆಗಳಲ್ಲಿ, ಪತ್ರಿಕೆಗಳಲ್ಲಿ, ಕ್ಯಾಲೆಂಡರುಗಳಲ್ಲಿ ಬರುವ ಚಿತ್ರಗಳನ್ನು ಕುರಿತು ‘ಇದನ್ನು ಹೇಗೆ ತೆಗೆದಿರಿ?’ ಎಂದು ಕೇಳುವವರಾರು?

ಕೇಳಬೇಕಾದ ಪ್ರಶ್ನೆಯು ಹೊಳೆಯಾಚೆಯ ಬಂಡೆಯ ಮೇಲೆಯೇ ಇದೆ. ದರೋಜಿಯ ಕರಡಿಗಳನ್ನು ಪ್ರವಾಸಿಗರಿಗೆ ತೋರಿಸುವದಕ್ಕಾಗಿ ಬಂಡೆಗಳಿಗೆ ಬೆಲ್ಲದ ಪಾಕವನ್ನು ಬಳಿಯುವ ಪದ್ಧತಿಯು ವರ್ಷಗಟ್ಟಲೆ ನಡೆದುಬಂದದ್ದು ಎಲ್ಲರಿಗೂ ಗೊತ್ತಿದೆ. ಮಧ್ಯಾಹ್ನ ಪಾಕ ಬಳಿಯುವದು, ಇಳಿಹೊತ್ತಿನಲ್ಲಿ ಕರಡಿಗಳು ಗುಡ್ಡದಿಂದ ಇಳಿದು ಬಂಡೆಯನ್ನು ನೆಕ್ಕುವದು, ಎದುರಿನ ಗೋಪುರದ ಮೇಲಿಂದ ಜನರು ಚಿತ್ರ ತೆಗೆದುಕೊಳ್ಳುವದು — ಇದು ಗುಟ್ಟೇನೂ ಅಲ್ಲ. ಆದರೆ ಆ ಚಿತ್ರವು ಗೋಪುರದಿಂದಿಳಿದು ಊರು ಸೇರುವಷ್ಟರಲ್ಲಿ ಬೆಲ್ಲವು ಮಾಯವಾಗಿ ‘ಸ್ವಾಭಾವಿಕ ನೆಲೆ’ಯೊಂದೇ ಉಳಿದಿರುತ್ತದೆ. ಎಷ್ಟು ಚಿತ್ರಗಳ ಕೆಳಗೆ ‘ಬೆಲ್ಲವಿಟ್ಟು ಕರೆದ ಕರಡಿ’ ಎಂಬ ಬರಹವನ್ನು ಜನರು ಓದಿದ್ದಾರೆ?

ಇದರಿಂದೇನು ಕೆಟ್ಟಿತು ಎನ್ನುವವರು ಕರಡಿಯ ಬಾಳನ್ನು ಸ್ವಲ್ಪ ನೋಡಬೇಕು. ಗೆದ್ದಲು, ಇರುವೆ, ಜೇನು, ಬಾರಿ, ಕವಳಿ ಮೊದಲಾದ ಹಣ್ಣುಗಳು ಅದರ ಆಹಾರ. ಈ ಆಹಾರಕ್ಕಾಗಿಯೇ ಅದರ ದೇಹವು ರೂಪುಗೊಂಡಿದೆ. ಹುತ್ತವನ್ನು ಅಗೆಯಲು ಉದ್ದನೆಯ ಬಾಗಿದ ಉಗುರುಗಳು. ಮುಂದಕ್ಕೆ ಚಾಚಿ ಕೊಳವೆಯಂತೆ ಮಾಡಬಲ್ಲ ತುಟಿಗಳು. ಗೆದ್ದಲುಗಳನ್ನು ಹೀರಿಕೊಳ್ಳಲು ದಾರಿಯಾಗುವಂತೆ ಮೇಲಿನ ಸಾಲಿನ ನಡುವೆ ಎರಡು ಹಲ್ಲುಗಳಿಲ್ಲದ ಸಂದು. ಮಣ್ಣು ಹೋಗದಂತೆ ಮುಚ್ಚಿಕೊಳ್ಳುವ ಮೂಗಿನ ಹೊಳ್ಳೆಗಳು. ಹುತ್ತದ ಮುಂದೆ ಕುಳಿತ ಕರಡಿಯ ಒಂದು ಚಿತ್ರವು ಇದಿಷ್ಟನ್ನೂ ಹೇಳಬಲ್ಲದು. ಬಂಡೆಯನ್ನು ನೆಕ್ಕುವ ಕರಡಿಯ ಸಾವಿರ ಚಿತ್ರಗಳು ಇದರಲ್ಲಿ ಒಂದಕ್ಷರವನ್ನೂ ಹೇಳಲಾರವು. ಕರಡಿಯು ಬಹುಮಟ್ಟಿಗೆ ಮುಸ್ಸಂಜೆ, ರಾತ್ರಿ, ನಸುಕುಗಳಲ್ಲಿ ಸಂಚರಿಸುವ ಪ್ರಾಣಿ. ಅದು ದಿನವೂ ಇನ್ನೂ ಬಿಸಿಲಿರುವಾಗಲೇ ಗೊತ್ತಾದ ಹೊತ್ತಿಗೆ ಗೊತ್ತಾದ ಬಂಡೆಗೆ ಬರುವದೆಂದರೆ ಗಂಟೆ ಬಾರಿಸಿದಾಗ ಊಟಕ್ಕೆ ಬರುವ ವಸತಿಶಾಲೆಯ ಹುಡುಗನಂತಾಯಿತು. ಬೇಲಿಯಿಲ್ಲವೆಂಬ ಮಾತ್ರದಿಂದ ಅದು ಮೃಗಾಲಯವಲ್ಲವೆನ್ನಲಾಗುವದೆ?

ಆಮಿಷವೊಡ್ಡಿ ಮೃಗವನ್ನು ಕರೆಯುವದಕ್ಕೆ ಹಿರಿಯರು ಒಂದು ಹೆಸರನ್ನಿಟ್ಟಿದ್ದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ವರ್ಣನೆಯುಂಟು. ಮರೆಯಲ್ಲಿ ಅಡಗಿ ಕಾಯುವದು, ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವದು, ಅಟ್ಟಿಕೊಂಡು ಬರುವದು — ಇವೆಲ್ಲ ಅಲ್ಲಿ ಬರುವದು ಮೃಗಯೆಯ ಪ್ರಕರಣದಲ್ಲಿ. ಇಂದಿನ ಕಾಯಿದೆಯೂ ಬೇರೆ ಮಾತನ್ನಾಡುವದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಬೇಟೆಯೆಂದರೇನೆಂಬದನ್ನು ವಿವರಿಸುವಾಗ ಕೊಲ್ಲುವದನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಹಿಡಿಯುವದು, ಬೆನ್ನಟ್ಟುವದು, ಉರುಲೊಡ್ಡುವದು, ಅಟ್ಟುವದು, ಆಮಿಷವೊಡ್ಡುವದು, ಇವುಗಳಿಗೆ ಪ್ರಯತ್ನಿಸುವದು — ಇವೆಲ್ಲವನ್ನೂ ಬೇಟೆಯಲ್ಲಿಯೇ ಸೇರಿಸಿತು. ಧಾಮಗಳಲ್ಲಿ ಛಾಯಾಗ್ರಹಣಕ್ಕೆ ಪರವಾನಿಗೆ ಕೊಡುವ ಕಲಮಿಗೂ 2022ರ ತಿದ್ದುಪಡಿಯು ಒಂದು ಕಟ್ಟನ್ನು ಹಾಕಿದೆ: ನೆಲೆಯಲ್ಲಿ ಯಾವ ಬದಲಾವಣೆಯನ್ನೂ ಮಾಡದೆ, ನೆಲೆಗಾಗಲಿ ಪ್ರಾಣಿಗಾಗಲಿ ಕೆಡಕು ತಟ್ಟದಂತೆ ಚಿತ್ರ ತೆಗೆಯಬೇಕು. ರಕ್ಷಣೆಯ ಭಾರವನ್ನು ಹೊತ್ತ ಇಲಾಖೆಯವರು ಕೆಡಕಿನ ಬುದ್ಧಿಯಿಂದ ಬೆಲ್ಲವನ್ನು ಬಳಿದರೆಂದು ಯಾರೂ ಹೇಳಲಾರರು. ಆದರೆ ಸದುದ್ದೇಶವಿತ್ತೆಂದ ಮಾತ್ರಕ್ಕೆ ಮಾಡಿದ್ದು ಸರಿಯಾಗುವದಿಲ್ಲ. ಇಲಾಖೆಯ ಬೆಲ್ಲವನ್ನು ಕಂಡವನು ತನ್ನದೊಂದು ಬೆಲ್ಲದ ಮುದ್ದೆಯನ್ನು ಹಳ್ಳದ ದಂಡೆಯಲ್ಲಿಟ್ಟರೆ, ಮಾಂಸದ ತುಂಡನ್ನು ತೋಳದ ಹಾದಿಯಲ್ಲಿ ಎಸೆದರೆ ಅವನನ್ನು ತಡೆಯುವ ಬಾಯಿ ಯಾರಿಗುಳಿಯಿತು? ಜನರ ನುಡಿಯಂತೂ ಮೊದಲೇ ನಿಜವನ್ನು ಹೇಳಿಬಿಟ್ಟಿದೆ. ಈ ಸೀಮೆಯಲ್ಲಿ ಹಂದಿಯನ್ನೂ ‘ಹೊಡೆಯುತ್ತಾರೆ’, ಫೋಟೋವನ್ನೂ ‘ಹೊಡೆಯುತ್ತಾರೆ’.

ಇದಕ್ಕೆ ಪ್ರತಿಪಕ್ಷದವರು ಹೇಳುವ ಮಾತುಗಳುಂಟು; ಅವುಗಳನ್ನು ವಿಚಾರಿಸದೆ ಬಿಡುವದು ನ್ಯಾಯವಲ್ಲ. ‘ಚಿತ್ರವನ್ನು ಕಂಡೇ ಜನರಿಗೆ ಮೃಗಗಳ ಮೇಲೆ ಪ್ರೀತಿ ಹುಟ್ಟುತ್ತದೆ, ಪ್ರೀತಿ ಹುಟ್ಟಿದ್ದರಿಂದಲೇ ಧಾಮಗಳಾದವು’ ಎಂಬದು ಅವರ ಮೊದಲನೆಯ ವಾದ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಯಾವ ಕರಡಿಯ ಮೇಲಣ ಪ್ರೀತಿ? ಬಂಡೆಯ ಮೇಲೆ ಮರಿಯನ್ನು ಬೆನ್ನಿಗೇರಿಸಿಕೊಂಡು ಬೆಲ್ಲ ನೆಕ್ಕುವ, ಸಾಧುವಾದ, ಹೊತ್ತಿಗೆ ಸರಿಯಾಗಿ ಬರುವ ಕರಡಿಯ ಮೇಲೆ. ಕೊಪ್ಪಳ, ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ನಸುಕಿನಲ್ಲಿ ಹೊಲಕ್ಕೆ ನೀರು ಕಟ್ಟಲು ಹೋದವನಿಗೆ, ಸೀತಾಫಲ ಆಯಲು ಗುಡ್ಡಕ್ಕೆ ಹೋದ ಹೆಂಗಸಿಗೆ ಎದುರಾಗುವ ಕರಡಿಯು ಅದಲ್ಲ. ಬೆದರಿದ ಕರಡಿಯು ಮುಖಕ್ಕೇ ಎರಗುವದೆಂಬದನ್ನು ಈ ಹಳ್ಳಿಗಳವರು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಚಿತ್ರವನ್ನಷ್ಟೇ ಕಂಡು ಬೆಳೆದ ಪಟ್ಟಣದ ಹುಡುಗನು ನಾಳೆ ಅದೇ ಗುಡ್ಡದಲ್ಲಿ ಕರಡಿಯನ್ನು ಕಂಡರೆ ಮೊಬೈಲು ಹಿಡಿದು ಹತ್ತಿರ ಹೋಗುವನೇ ಹೊರತು ಹಿಂದೆ ಸರಿಯನು. ಸುಳ್ಳು ಚಿತ್ರವು ಕಲಿಸಿದ ಪ್ರೀತಿಗೆ ಮನುಷ್ಯನೂ ಬಲಿಯಾದಾನು. ಆ ಮೇಲೆ ಊರವರ ಸಿಟ್ಟಿಗೆ ಕರಡಿಯೂ ಬಲಿಯಾದೀತು.

ಎರಡನೆಯ ವಾದವು ಇನ್ನೂ ಮೃದುವಾದದ್ದು. ‘ಮುದುಕರೂ ಮಕ್ಕಳೂ ದಿನಗಟ್ಟಲೆ ಗುಡ್ಡದಲ್ಲಿ ಕಾಯಲಾರರು. ಅವರೂ ನೋಡುವದು ಬೇಡವೆ?’ ಎನ್ನುತ್ತಾರೆ. ನೋಡಬೇಕು. ಆದರೆ ನೋಡುವ ಆಸೆಯು ನೋಡಿಸಿಕೊಳ್ಳುವವರನ್ನು ಕಟ್ಟಿಹಾಕುವ ಹಕ್ಕಾಗಲಾರದು. ಹುಲಿಗಿಗೆ ಮಂಗಳವಾರ, ಶುಕ್ರವಾರ, ಹುಣ್ಣಿವೆಗಳಂದು ಬರುವ ಜನವೆಷ್ಟು! ಬಿಸಿಲಿನಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಮುದುಕರೂ ನಿಲ್ಲುತ್ತಾರೆ, ಕಂಕುಳಲ್ಲಿ ಕೂಸನ್ನು ಹೊತ್ತ ತಾಯಂದಿರೂ ನಿಲ್ಲುತ್ತಾರೆ. ಅಮ್ಮನನ್ನು ಮುನಿರಾಬಾದಿನ ರೇಲ್ವೆ ಸ್ಟೇಶನ್ನಿಗೇ ತಂದು ಕೂಡಿಸಿದರೆ ಅನುಕೂಲವಾದೀತೆಂದು ಅವರಲ್ಲಿ ಒಬ್ಬರಾದರೂ ಕೇಳಿದ್ದುಂಟೆ? ದೇವಿಯು ತೇರನ್ನೇರಿ ಹೊರಬರುವ ದಿನವೊಂದುಂಟು; ಆ ದಿನವನ್ನು ಗೊತ್ತುಮಾಡುವದು ಭಕ್ತನ ಬಿಡುವಲ್ಲ. ಕಾದು ಪಡೆದದ್ದಕ್ಕೆ ದರ್ಶನವೆಂದು ಹೆಸರು. ಇಷ್ಟನ್ನು ಬಲ್ಲ ಜನರು ಕಾಡಿಗೆ ಹೋದೊಡನೆ ಮಾತ್ರ ಎಲ್ಲವೂ ಐದು ಗಂಟೆಯೊಳಗೆ ಕಾಣಬೇಕೆಂದು ಹಟ ಹಿಡಿಯುವದೇಕೆ? ಕಾಯಲಾರದವರಿಗೆ ಕಮಲಾಪುರದ ಮೃಗಾಲಯವುಂಟು. ಅದು ತಾನು ಮೃಗಾಲಯವೆಂದು ಬಾಗಿಲಿನಲ್ಲಿಯೇ ಹೇಳಿಕೊಳ್ಳುತ್ತದೆ. ಪ್ರಾಮಾಣಿಕವಾದ ಮೃಗಾಲಯವು ಅಪ್ರಾಮಾಣಿಕವಾದ ಅರಣ್ಯಕ್ಕಿಂತ ಮೇಲು.

ಮೂರನೆಯ ವಾದವೇ ಎಲ್ಲಕ್ಕಿಂತ ಬಲವಾದದ್ದು. ಇದನ್ನು ತಿಳಿದವರು ಹೇಳುತ್ತಾರೆ. ‘ಇಲ್ಲಿ ಸ್ವಾಭಾವಿಕವಾದ ನೆಲವೆಲ್ಲಿದೆ? 1953ರಲ್ಲಿ ತುಂಗಭದ್ರೆಗೆ ಆಣೆಕಟ್ಟು ಬಿದ್ದಿತು. ಕಾಲುವೆಗಳಾದವು, ಬತ್ತದ ಗದ್ದೆಗಳಾದವು, ಗುಡ್ಡಗಳಿಗೆ ಗಣಿಗಳು ಬಂದವು. ಮನುಷ್ಯನು ಇಷ್ಟೆಲ್ಲವನ್ನೂ ಬದಲಾಯಿಸಿದ ಮೇಲೆ ಒಂದು ಬೆಲ್ಲದ ಮುದ್ದೆಯಿಂದ ಏನು ಹೆಚ್ಚಾಯಿತು?’ ಒಳ್ಳೆಯದು. ನೆಲವು ಬದಲಾಗಿದೆಯೆಂಬದು ಸತ್ಯವಾದರೆ ಆ ಸತ್ಯವು ಚಿತ್ರದಲ್ಲಿ ಬರಲಿ! ಆಣೆಕಟ್ಟಿನ ಕೆಳಗಿನ ಬಂಡೆಗಳ ನಡುವೆ, ಮೀನುಗಾರರ ಬಲೆಗಳ ಪಕ್ಕದಲ್ಲಿ, ಪಂಪಸೆಟ್ಟಿನ ಕೊಳವೆಗಳನ್ನು ದಾಟಿ ನೀರುನಾಯಿಗಳ ಕುಟುಂಬವೊಂದು ಬಾಳುತ್ತಿರುವದೇ ಈ ಹೊಳೆಯ ಅದ್ಭುತ. ಆದರೆ ಛಾಯಾಗ್ರಾಹಕನು ಮಾಡುವದೇನು? ಕೊಳವೆಯನ್ನು ಕತ್ತರಿಸುತ್ತಾನೆ, ಬಲೆಯನ್ನು ಕತ್ತರಿಸುತ್ತಾನೆ, ಹರಿಗೋಲನ್ನೂ ಅಂಬಿಗನನ್ನೂ ಕತ್ತರಿಸುತ್ತಾನೆ. ಉಳಿದ ತುಣುಕಿಗೆ ‘ಸ್ವಾಭಾವಿಕ ನೆಲೆ’ಯೆಂದು ಹೆಸರಿಡುತ್ತಾನೆ. ಬೆಲ್ಲವಿಡುವದು ಇಲ್ಲದ್ದನ್ನು ಕೂಡಿಸುವ ಸುಳ್ಳು; ಇದು ಇರುವದನ್ನು ಕಳೆಯುವ ಸುಳ್ಳು.

ಕಳೆಯುವ ಸುಳ್ಳಿನಿಂದ ಆಗುವ ಕೇಡನ್ನು ತೋಳದ ವಿಷಯದಲ್ಲಿ ಸ್ಪಷ್ಟವಾಗಿ ಕಾಣಬಹುದು. ತೋಳದ ನೆಲೆಯು ದಟ್ಟವಾದ ಅರಣ್ಯವಲ್ಲ. ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಹುಲ್ಲುಬಯಲು, ಕುರುಚಲು, ಬೀಳುಹೊಲ. ಆ ನೆಲದಲ್ಲಿ ಶತಮಾನಗಳಿಂದ ಕುರಿಗಳು ಮೇಯ್ದಿವೆ, ಕಂಬಳಿ ಹೊದ್ದ ಕುರುಬನು ತಿರುಗಾಡಿದ್ದಾನೆ. ಆತನು ಕುರಿಮರಿಗಳನ್ನು ಕಳೆದುಕೊಂಡದ್ದುಂಟು, ತೋಳವನ್ನು ಓಡಿಸಿದ್ದುಂಟು. ಆದರೂ ಇಬ್ಬರೂ ಆ ಬಯಲಿನಲ್ಲಿ ಇಂದಿನ ವರೆಗೆ ಉಳಿದಿದ್ದಾರೆ. ಹೀಗಿರಲು ತೋಳದ ಯಾವ ಚಿತ್ರದಲ್ಲಿ ಕುರುಬನಿದ್ದಾನೆ? ಚಿನ್ನದ ಬಣ್ಣದ ಹುಲ್ಲಿನ ನಡುವೆ ಒಂಟಿಯಾಗಿ ನಿಂತ ತೋಳವನ್ನು ತೋರಿಸಿ ತೋರಿಸಿ, ಆ ನೆಲದಲ್ಲಿ ಮನುಷ್ಯನೇ ಇರಲಿಲ್ಲವೆಂದು ಪಟ್ಟಣದವರನ್ನು ನಂಬಿಸಿದ್ದಾಯಿತು. ಅದನ್ನು ನಂಬಿದವನಿಗೆ ಕುರಿಹಿಂಡು ಕಂಡೊಡನೆ ‘ಇವನಾರು ಕಾಡಿಗೆ ನುಗ್ಗಿದವನು?’ ಎಂದು ಸಿಟ್ಟು ಬರುತ್ತದೆ. ತೋಳವು ಬದುಕಿ ಉಳಿಯಬೇಕಾದರೆ ಮೊದಲು ಕುರುಬನ ಒಪ್ಪಿಗೆ ಬೇಕು; ಅವನಿಗಾದ ನಷ್ಟಕ್ಕೆ ಸಕಾಲದಲ್ಲಿ ಪರಿಹಾರ ಬೇಕು. ಚಿತ್ರದಿಂದಲೇ ಹೊರಹಾಕಲ್ಪಟ್ಟವನ ಪರಿಹಾರದ ಮಾತು ಯಾರ ನೆನಪಿಗೆ ಬಂದೀತು?

ಸುಳ್ಳಿನ ಮಾತು ಇಷ್ಟಕ್ಕಿರಲಿ. ಸತ್ಯವಾದ ಚಿತ್ರವೂ ಕೆಲವೊಮ್ಮೆ ಕೊಲ್ಲಬಲ್ಲದು. 2025ರಲ್ಲಿ ಬಂಕಾಪುರದ ಧಾಮದಲ್ಲಿ ತೋಳವೊಂದು ಎಂಟು ಮರಿಗಳನ್ನು ಹಾಕಿದ ಸುದ್ದಿಯು ಪತ್ರಿಕೆಗಳಲ್ಲಿ ಬಂದಿತು. ಸುಮಾರು 332 ಎಕರೆಗಳ ಈ ಧಾಮವು ಅಂಚಿನಿಂದ ಅಂಚಿಗೆ ಬಹು ದೊಡ್ಡದೇನೂ ಅಲ್ಲ. ಮರಿಗಳಿರುವ ಗವಿಯ ಬಳಿ ಮನುಷ್ಯರ ಓಡಾಟವಾದರೆ ತಾಯಿತೋಳವು ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಒಯ್ಯುತ್ತದೆ. ಹೊಸ ಗವಿಯು ಹಳೆಯದರಷ್ಟು ಭದ್ರವಾಗಿರಬೇಕೆಂಬ ನಿಯಮವಿಲ್ಲ; ದಾರಿಯಲ್ಲಿ ನಾಯಿಗಳುಂಟು, ಬಿಸಿಲುಂಟು. ನೀರುನಾಯಿಯೂ ಹಾಗೆಯೇ. ಹೊಳೆಯ ನಡುಗಡ್ಡೆಗಳ ಬಂಡೆಸಂದುಗಳಲ್ಲಿ ಅದು ಮರಿಗಳನ್ನಿಡುತ್ತದೆ. ಹರಿಗೋಲಿನಲ್ಲಿ ದಿನವೂ ಅದರ ಬೆನ್ನು ಹತ್ತಿದರೆ ಮೀನು ಹಿಡಿಯುವ ಹೊತ್ತೆಲ್ಲ ಓಡುವದರಲ್ಲಿಯೇ ಕಳೆದುಹೋಗುತ್ತದೆ. ಒಬ್ಬ ಛಾಯಾಗ್ರಾಹಕನು ಒಂದು ಗಳಿಗೆ ನಿಂತು ಹೋದರೆ ಬಹುಶಃ ಏನೂ ಆಗದು. ಆದರೆ ಅವನು ಆ ಚಿತ್ರವನ್ನು ಜಾಗದ ಹೆಸರಿನೊಡನೆ ಸಂಜೆಯೊಳಗೆ ಸಾವಿರ ಜನರಿಗೆ ಕಳಿಸುತ್ತಾನೆ; ಮರುದಿನ ಅದೇ ಗವಿಯ ಮುಂದೆ ಹತ್ತು ಮೋಟಾರುಗಳು ನಿಲ್ಲುತ್ತವೆ. ಬೇಟೆಗಾರನ ಕೋವಿಗೆ ಗುರಿಯೊಂದೇ. ಈ ಚಿತ್ರವು ಗುರಿಯನ್ನೂ ದಾರಿಯನ್ನೂ ಎಲ್ಲರಿಗೂ ಹಂಚುತ್ತದೆ.

ಇದನ್ನೆಲ್ಲ ಹೇಳಿದೊಡನೆ ಕೆಲವರು ‘ಹಾಗಾದರೆ ಚಿತ್ರವನ್ನೇ ತೆಗೆಯಬಾರದೋ?’ ಎಂದು ಮುನಿಯುವರು. ಹಾಗೆ ಹೇಳುವದು ಅವಿವೇಕ. ಕ್ಯಾಮೆರಾ ಕಾಡಿಗೆ ಬಂದದ್ದು ಕೋವಿಯ ಪಶ್ಚಾತ್ತಾಪವಾಗಿ. ಆ ಪಶ್ಚಾತ್ತಾಪವನ್ನು ನಿಜಮಾಡಿ ತೋರಿಸಿದವರು ಕನ್ನಡ ನಾಡಿನಲ್ಲಿಯೇ ಇದ್ದರು. ಹೊಳೆಯಾಚೆಯ ಸಂಡೂರಿನ ರಾಜಮನೆತನದವರೂ 1970ರ ದಶಕದಲ್ಲಿ ರಾಜ್ಯದ ಹಣಕಾಸಿನ ಮಂತ್ರಿಗಳೂ ಆಗಿದ್ದ ಎಂ. ವೈ. ಘೋರ್ಪಡೆಯವರು ಕಪ್ಪು-ಬಿಳುಪಿನಲ್ಲಿ ತೆಗೆದ ಆನೆಗಳ, ಕಾಡಿನ ಚಿತ್ರಗಳು ಜಗತ್ತಿನ ಗೌರವವನ್ನು ಗಳಿಸಿದವು. ತಮ್ಮ ಕಾಡಿನ ಅನುಭವಗಳನ್ನು ಅವರು 1983ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಇ. ಹನುಮಂತರಾಯರು, ಟಿ. ಎನ್. ಎ. ಪೆರುಮಾಳರು ಅದೇ ಕಾಲದವರು. ಒಂದು ಸುರುಳಿಯಲ್ಲಿ 36 ಚಿತ್ರಗಳಷ್ಟೇ ಮೂಡುವ ಕಾಲವದು. ತೊಳೆದು ನೋಡುವ ವರೆಗೆ ಚಿತ್ರ ಬಂದಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆದುದರಿಂದ ಒಂದೊಂದು ಚಿತ್ರದ ಹಿಂದೆಯೂ ಬಹಳ ನೋಟವಿರಬೇಕಾಗಿತ್ತು. ಅವರ ತರುವಾಯ ಬಂದ ಕೃಪಾಕರ-ಸೇನಾನಿಯವರು ಸೀಳುನಾಯಿಗಳ ಬಾಳನ್ನರಿಯಲು ವರ್ಷಗಟ್ಟಲೆ ಕಾಡಿನಲ್ಲಿ ಕಳೆದರು. ಅದುವರೆಗೆ ಹೀನ ಪ್ರಾಣಿಯೆಂದು ಹಳಿಸಿಕೊಂಡಿದ್ದ ಸೀಳುನಾಯಿಯ ಕುಟುಂಬಜೀವನವು ಅವರಿಂದಾಗಿ ಲೋಕಕ್ಕೆ ತಿಳಿಯಿತು. ಇಂದು ಒಂದು ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಯಂತ್ರವು ಕೈಯಲ್ಲಿದೆ. ಯಂತ್ರದ ವೇಗ ಬೆಳೆದಷ್ಟೂ ಅದನ್ನು ಹಿಡಿದವನ ತಾಳ್ಮೆಯು ಕುಗ್ಗಬೇಕೆಂದು ಯಾವ ಶಾಸ್ತ್ರವು ಹೇಳಿದೆ?

ಆದುದರಿಂದ ಆಗಬೇಕಾದ ಕೆಲಸಗಳು ಇವು. ದರೋಜಿಯ ಬೆಲ್ಲವು ನಿಲ್ಲಬೇಕು. ಒಮ್ಮೆಗೇ ನಿಲ್ಲಿಸಲಾಗದಿದ್ದರೆ ಗೋಪುರದ ಮೇಲೆ ದೊಡ್ಡಕ್ಷರಗಳಲ್ಲಿ ‘ಇಲ್ಲಿ ಕಾಣುವ ಕರಡಿಗಳು ಆಮಿಷಕ್ಕೆ ಬಂದವು’ ಎಂದು ಬರೆದು, ಅಲ್ಲಿ ತೆಗೆದ ಚಿತ್ರಗಳಿಗೆಲ್ಲ ಆ ಮಾತನ್ನು ಕಡ್ಡಾಯ ಮಾಡಬೇಕು. ಯಾವ ಪತ್ರಿಕೆಯೂ ಯಾವ ಸ್ಪರ್ಧೆಯೂ ಯಾವ ಬ್ಯಾಂಕಿನ ಕ್ಯಾಲೆಂಡರೂ ವನ್ಯಮೃಗದ ಚಿತ್ರವನ್ನು ಅದನ್ನು ತೆಗೆದ ಬಗೆಯನ್ನು ಹೇಳುವ ಒಂದು ಸಾಲಿನ ಹೊರತು ಸ್ವೀಕರಿಸಬಾರದು: ಎಷ್ಟು ದೂರದಿಂದ, ಎಷ್ಟು ಹೊತ್ತು ಕಾದು, ಏನನ್ನಾದರೂ ಇಟ್ಟೋ ಇಡದೆಯೋ. ಗವಿ, ಗೂಡು, ಮರಿಗಳ ಚಿತ್ರಕ್ಕೆ ಬಹುಮಾನವಿರಬಾರದು. ಜಾಗದ ಹೆಸರನ್ನು ಊರಿನ ಮಟ್ಟಕ್ಕೆ ಹೇಳಬಾರದು, ಜಿಲ್ಲೆಯ ಹೆಸರೇ ಸಾಕು. ಕುರುಬನಿರುವ ತೋಳದ ಚಿತ್ರಕ್ಕೆ, ಬಲೆಯಿರುವ ನೀರುನಾಯಿಯ ಚಿತ್ರಕ್ಕೆ, ಹುತ್ತದ ಮುಂದಿನ ಕರಡಿಯ ಚಿತ್ರಕ್ಕೆ ಮೊದಲನೆಯ ಮಣೆ ದೊರೆಯಬೇಕು. ಮಾದರಿಯು ಬದಲಾದರೆ ಅನುಕರಿಸುವವರೂ ಬದಲಾಗುವರು.

ಇದೆಲ್ಲಕ್ಕೂ ಸರಕಾರದ ಅಪ್ಪಣೆಯನ್ನು ಕಾಯಬೇಕಾಗಿಲ್ಲ. ಬೇಡಿಕೆಯಿರುವಲ್ಲಿಗೆ ಸರಕು ಬರುತ್ತದೆ. ಈ ಸರಕಿಗೆ ಬೇಡಿಕೆಯನ್ನೊಡ್ಡುವವರು ವಿದ್ಯಾವಂತರ ಮನೆಗಳವರೇ. ‘ಆಹಾ’ ಎನ್ನುವವರೂ ಅವರೇ, ಮುಂದಿನವರಿಗೆ ಕಳಿಸುವವರೂ ಅವರೇ, ಕ್ಯಾಲೆಂಡರನ್ನು ಗೋಡೆಗೇರಿಸುವವರೂ ಅವರೇ. ಇನ್ನು ಮೇಲೆ ಅಂಥದೊಂದು ಚಿತ್ರವು ಮನೆಗೆ ಬಂದಾಗ ಮೆಚ್ಚುವ ಮೊದಲು ‘ಇದು ತಾನಾಗಿ ಬಂದಿತ್ತೋ, ಕರೆಯಿಸಿಕೊಂಡಿತ್ತೋ, ಅಟ್ಟಿಸಿಕೊಂಡಿತ್ತೋ?’ ಎಂದು ಮಕ್ಕಳೆದುರಿಗೆ ಒಮ್ಮೆ ಕೇಳಲಿ. ಉತ್ತರ ಬಾರದಿದ್ದರೆ ಅದನ್ನು ಮುಂದಕ್ಕೆ ಕಳಿಸದಿರಲಿ. ಕೊಂಡುಕೊಳ್ಳುವವರಿಲ್ಲದ ಸುಳ್ಳು ಬಹಳ ದಿನ ಬಾಳದು. ಹೊಳೆಯ ನೀರುನಾಯಿಗೂ ಬಯಲಿನ ತೋಳಕ್ಕೂ ಗುಡ್ಡದ ಕರಡಿಗೂ ಅಷ್ಟರ ಮಟ್ಟಿಗೆ ಉಸಿರಾಡುವ ಎಡೆ ದೊರೆತೀತು.